ಹೆಬ್ಬೆರಳಿಗಷ್ಟೇ ಜಾಗವಿರುವ ಜೇಬು: ಒಂದು ಜೀನ್ಸ್ ಪ್ಯಾಂಟಿನ ವಿಮರ್ಶೆ

ಮಹಿಳೆಯರಿಗೆಂದೇ ಹೊಲಿದ ಈ ಕಡುನೀಲಿ ಜೀನ್ಸ್ ಪ್ಯಾಂಟನ್ನು ಆರು ತಿಂಗಳಿಂದ ವಾರಕ್ಕೆ ಮೂರು ದಿನವಾದರೂ ತೊಡುತ್ತಿದ್ದೇನೆ. ಬಟ್ಟೆ ಗಟ್ಟಿಯಾಗಿದೆ, ಇಷ್ಟು ಸಲ ಒಗೆದರೂ ಬಣ್ಣ ಬಿಟ್ಟಿಲ್ಲ, ಮಂಡಿಯ ಹತ್ತಿರ ಜೋತುಬಿದ್ದಿಲ್ಲ, ಕುಳಿತಾಗ ಸೊಂಟ ಬಿಗಿಯುವುದಿಲ್ಲ. ನನ್ನ ತಕರಾರು ಇರುವುದು ಇದರ ಜೇಬುಗಳ ಬಗ್ಗೆ, ಮತ್ತು ಅದನ್ನು ಸಣ್ಣ ತಕರಾರೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ.

ಮುಂದಿನ ಜೇಬಿಗೆ ಕೈ ಹಾಕಿದರೆ ಬೆರಳುಗಳು ಎರಡನೆಯ ಗೆಣ್ಣಿನವರೆಗೆ ಇಳಿಯುವಷ್ಟರಲ್ಲಿ ತಳ ತಗಲುತ್ತದೆ. ಮೊಬೈಲ್ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಹೊರಗೇ ಉಳಿಯುತ್ತದೆ. ಕುಳಿತುಕೊಳ್ಳುವಾಗ ಅದು ಎರಡು ಸಲ ಜಾರಿ ಬಿದ್ದು, ಎರಡನೆಯ ಸಲ ಗಾಜು ಬಿರುಕುಬಿಟ್ಟಿತು. ಹಿಂದಿನ ಜೇಬಿಗೆ ಮುಚ್ಚಳವಿದೆ, ಗುಂಡಿಯಿದೆ. ಹೊಸ ಬಟ್ಟೆಯಾದ್ದರಿಂದ ಹೊಲಿಗೆ ಹಾಕಿ ಮುಚ್ಚಿರಬೇಕೆಂದುಕೊಂಡು ಬ್ಲೇಡಿನ ತುದಿಯಿಂದ ಒಂದೊಂದೇ ದಾರ ಬಿಡಿಸಿದೆ. ಒಳಗೆ ಚೀಲವೇ ಇರಲಿಲ್ಲ. ಅಂಚು ಮಡಚಿ, ಜೋಡಿ ಹೊಲಿಗೆ ಹಾಕಿ, ಗುಂಡಿ ಕೂರಿಸುವಷ್ಟು ಶ್ರಮ ಪಟ್ಟವರಿಗೆ ಅಂಗೈಯಗಲದ ಒಳಬಟ್ಟೆ ಬೇಡವಾಗಿತ್ತು.

ಇದೇ ಕಂಪನಿ ಗಂಡಸರಿಗೆ ಹೊಲಿಯುವ, ನನ್ನದೇ ಸೊಂಟದಳತೆಯ ಪ್ಯಾಂಟನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರ ಜೇಬಿನಲ್ಲಿ ನನ್ನ ಕೈ ಮಣಿಕಟ್ಟಿನವರೆಗೂ ಇಳಿಯಿತು. ಇದು ಒಂದು ಕಂಪನಿಯ ಕಥೆಯಲ್ಲ. 2018ರಲ್ಲಿ ‘ದಿ ಪುಡ್ಡಿಂಗ್’ ಎಂಬ ಪ್ರಕಟಣೆಯವರು ಅಮೆರಿಕದಲ್ಲಿ ಜನಪ್ರಿಯವಾದ 20 ಬ್ರ್ಯಾಂಡುಗಳ ಜೀನ್ಸ್‌ಗಳನ್ನು ಅಳೆದಾಗ, ಮಹಿಳೆಯರ ಮುಂಜೇಬು ಗಂಡಸರದ್ದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡವಾಗಿಯೂ ಶೇ. 6.5ರಷ್ಟು ಕಿರಿದಾಗಿಯೂ ಇತ್ತು.

ಹಿಂದೆ ಹೀಗಿರಲಿಲ್ಲವೆಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 18ನೇ ಶತಮಾನದ ಯುರೋಪಿನ ಹೆಂಗಸರು ಲಂಗದೊಳಗೆ ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಳ್ಳುತ್ತಿದ್ದ ಬಿಡಿ ಜೇಬುಗಳಲ್ಲಿ ಹಣ, ಬೀಗದ ಕೈ, ಕತ್ತರಿ ಎಲ್ಲವೂ ಹಿಡಿಯುತ್ತಿದ್ದವು. ಆ ಶತಮಾನದ ಕೊನೆಯಲ್ಲಿ ತೆಳುವಾದ, ನೇರ ಇಳಿಬೀಳುವ ಉಡುಪುಗಳ ಫ್ಯಾಷನ್ ಬಂದು, ಒಳಗಿನ ಚೀಲ ಉಬ್ಬಿ ಕಾಣುತ್ತದೆಂದು ಕೈಯಲ್ಲಿ ಹಿಡಿಯುವ ಪುಟ್ಟ ಚೀಲ ಚಾಲ್ತಿಗೆ ಬಂತು. ಹೆಣ್ಣಿನ ಮೈ ಹೇಗೆ ಕಾಣಬೇಕೆಂಬ ಚಿಂತೆ, ಅವಳಿಗೆ ಏನು ಬೇಕೆಂಬ ಪ್ರಶ್ನೆಯನ್ನು ಅಂದೇ ಬದಿಗೆ ಸರಿಸಿತ್ತು. ಜೇಬಿನ ವಿಷಯವಾಗಿ ನಾನು ಬರೆದ ಪತ್ರಕ್ಕೆ ಕಂಪನಿಯಿಂದ ಬಂದ ಉತ್ತರವೂ ಅದೇ: ಆಳ ಹೆಚ್ಚಿಸಿದರೆ ತೊಡೆಯ ಬಳಿ ಉಬ್ಬಿದಂತಾಗಿ ನೋಟ ಕೆಡುತ್ತದೆಯಂತೆ.

ಅವರ ಜಾಹೀರಾತಿನ ಚಿತ್ರಗಳನ್ನು ಆಮೇಲೆ ಗಮನವಿಟ್ಟು ನೋಡಿದೆ. ಗಂಡಸು ಎರಡೂ ಕೈಗಳನ್ನು ಜೇಬಿಗಿಳಿಸಿ ನಿರಾಳವಾಗಿ ನಿಂತಿದ್ದಾನೆ. ಹೆಂಗಸು ಹೆಬ್ಬೆರಳನ್ನು ಮಾತ್ರ ಜೇಬಿನ ಅಂಚಿಗೆ ಸಿಕ್ಕಿಸಿಕೊಂಡಿದ್ದಾಳೆ. ಅದನ್ನು ಇಷ್ಟು ದಿನ ನಾನು ಭಂಗಿಯೆಂದೇ ತಿಳಿದಿದ್ದೆ. ಸ್ವಂತ ದುಡ್ಡನ್ನು ‘ನನ್ನ ಜೇಬಿನಿಂದ ಕೊಟ್ಟೆ’ ಎಂದು ಹೇಳುವ ಭಾಷೆ ನಮ್ಮದು. ದುಡಿಯುವ, ಒಬ್ಬಳೇ ಓಡಾಡುವ ಹೆಣ್ಣಿನ ಬಟ್ಟೆಗೆ ಜೇಬಿನ ಚಿತ್ತಾರವನ್ನಷ್ಟೇ ಹೊಲಿದು ಕಳಿಸುವವರು, ಅವಳ ಹಣವನ್ನೂ ಮೊಬೈಲನ್ನೂ ಜೊತೆಗಿರುವ ಇನ್ನಾರೋ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಅವಳ ಒಂದು ಕೈ ಸದಾ ಚೀಲ ಹಿಡಿಯಲು ಬಿಡುವಾಗಿರುತ್ತದೆ ಎಂದು ನಂಬಿರಬೇಕು.

ಕೊನೆಗೆ ಮುಂದಿನ ಜೇಬುಗಳ ತಳ ಬಿಚ್ಚಿಸಿ, ನಾಲ್ಕು ಇಂಚು ಹತ್ತಿಬಟ್ಟೆ ಸೇರಿಸಿ ಹೊಲಿಸಿಕೊಂಡೆ. ಅರ್ಧ ಗಂಟೆಯ ಕೆಲಸ. ಮೊಬೈಲ್ ಈಗ ಪೂರ್ತಿ ಒಳಗಿರುತ್ತದೆ, ನಡೆಯುವಾಗ ಎರಡೂ ಕೈ ಬೀಸಿಕೊಂಡು ಹೋಗುತ್ತೇನೆ, ಹೊರಗಿನಿಂದ ನೋಡಿದರೆ ಪ್ಯಾಂಟಿನ ನೋಟದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಬಟ್ಟೆಗೂ ಹೊಲಿಗೆಗೂ ಐದರಲ್ಲಿ ನಾಲ್ಕು ಅಂಕ, ಜೇಬಿಗೆ ಸೊನ್ನೆ. ಹೀಗೆ ತಿದ್ದಿಸಿಕೊಳ್ಳುವ ಅನುಕೂಲವಿದ್ದವರು ಕೊಳ್ಳಬಹುದು. ಹಿಂದಿನ ಜೇಬನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.