ಕಾರಿಗೆ ಆಂಪ್ಲಿಫೈಯರ್ ಹಾಕಿಸೋ ಮುಂಚೆ ಇದನ್ನು ಓದಿ. ನಾನು ಏಮಾರಿದ್ದೇನೆ

ಹೇಳೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೇನೆ.

ಬೆಂಗಳೂರಿನ ಜೆ.ಸಿ. ರೋಡ್‌ ಕಡೆಯ ಒಂದು ಅಂಗಡಿಯಲ್ಲಿ ನನ್ನ ವ್ಯಾಗನ್ ಆರ್‌ಗೆ ಆಂಪ್ಲಿಫೈಯರ್, ಊಫರ್ ಹಾಕಿಸಿದೆ. 14,500 ರೂಪಾಯಿ. ಚೌಕಾಸಿ ಮಾಡಿ 1,500 ಇಳಿಸಿದೆ ಅಂತ ಮನೆಯಲ್ಲಿ ಬೀಗಿದ್ದೂ ಆಯ್ತು.

ವಾಪಸ್ ಬರುವಾಗಲೇ ಸ್ಪೀಕರ್‌ನಲ್ಲಿ ಕುಂಯ್ ಅನ್ನೋ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಫೋನ್ ಮಾಡಿದೆ. "ಎಲ್ಲಾ ಗಾಡಿಯಲ್ಲೂ ಸ್ವಲ್ಪ ಬರುತ್ತೆ ಸಾರ್. ವಾಲ್ಯೂಮ್ ಜಾಸ್ತಿ ಇಡಿ, ಕೇಳಿಸಲ್ಲ." ನಾನೂ ಹೂಂ ಅಂದೆ! ಆಮೇಲೆ 600 ರೂಪಾಯಿಗೆ ಒಂದು ನಾಯ್ಸ್ ಫಿಲ್ಟರ್ ಬೇರೆ ಮಾರಿದರು. ಸದ್ದು ಹೋಗಲಿಲ್ಲ.

ಹತ್ತೇ ದಿನಕ್ಕೆ ಬ್ಯಾಟರಿ ಡೌನ್. "ನಾಲ್ಕು ವರ್ಷದ ಬ್ಯಾಟರಿ ಸಾರ್, ಇನ್ನೆಷ್ಟು ದಿನ ಬರುತ್ತೆ?" ಹೊಸದಕ್ಕೆ 4,200 ಕೊಟ್ಟೆ. ಹಳೆಯದನ್ನು ಗುಜರಿ ಲೆಕ್ಕದಲ್ಲಿ ಅವರೇ ಇಟ್ಟುಕೊಂಡರು.

ಮೂರು ವಾರ ಕಳೀತು. ನಾದಿನಿಯ ನಿಶ್ಚಿತಾರ್ಥ. ಅದಕ್ಕೂ ಮುಂಚೆ ಗಾಡಿ ಎರಡು ದಿನ ಸುಮ್ನೆ ನಿಂತಿತ್ತು. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಟಕ್, ಅಷ್ಟೇ. ಮಾವನವರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳುತ್ತಿದ್ದಾರೆ, ಅಳಿಯ ಸ್ಟೀರಿಂಗ್ ಹಿಡಿದು ಒಳಗೆ ಕೂತಿದ್ದಾನೆ. ಕನ್ನಡಿ ಕಡೆ ನೋಡೋಕೇ ಆಗಲಿಲ್ಲ.

ಮತ್ತೆ ಅಂಗಡಿಗೆ ಫೋನ್. "ಹಂಗಾದ್ರೆ ಆಲ್ಟರ್ನೇಟರ್ ಹೋಗಿದೆ ಸಾರ್. 7,500 ಆಗುತ್ತೆ." ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ ಅದು. ಗಾಡಿ ನೋಡಿಲ್ಲ, ಮೀಟರ್ ಇಟ್ಟಿಲ್ಲ. ಫೋನ್‌ನಲ್ಲೇ ಆಲ್ಟರ್ನೇಟರ್ ಹೋಗಿದೆ!

ಆಗ ಬುದ್ಧಿ ಬಂತು. ಕೆಂಗೇರಿ ಹತ್ತಿರ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಅವರ ಹತ್ತಿರ ಬಿಟ್ಟೆ. ಇಂಜಿನ್ ಆನ್ ಮಾಡಿ ಬ್ಯಾಟರಿಗೆ ಮೀಟರ್ ಇಟ್ಟರು. 14.2 ವೋಲ್ಟ್. "ಚಾರ್ಜ್ ಸರಿಯಾಗಿ ಆಗ್ತಿದೆ, ಆಲ್ಟರ್ನೇಟರ್ ಕಲ್ಲಿನ ಹಾಗೆ ಗಟ್ಟಿ ಇದೆ." ರಾತ್ರಿ ಗಾಡಿ ಅಲ್ಲೇ ಇತ್ತು. ಬೆಳಿಗ್ಗೆ ಹೋದಾಗ, "ಸೀಟ್ ಕೆಳಗೆ ಕೈ ಹಾಕಿ ನೋಡಿ" ಅಂದರು.

ಆಂಪ್ಲಿಫೈಯರ್ ಬೆಚ್ಚಗಿತ್ತು. ಕೀ ನನ್ನ ಜೇಬಿನಲ್ಲಿತ್ತು.

ಸ್ಟೀರಿಯೋ ಹೊರಗೆ ಎಳೆದು ತೋರಿಸಿದರು. ಆಂಪ್ಲಿಫೈಯರ್‌ನ ರಿಮೋಟ್ ವೈರ್, ಅಂದ್ರೆ ಅದನ್ನು ಆನ್ ಆಫ್ ಮಾಡೋ ವೈರ್, ಸ್ಟೀರಿಯೋದ ನೀಲಿ ವೈರ್‌ಗೆ ಹೋಗಬೇಕು, ಸ್ಟೀರಿಯೋ ಆಫ್ ಆದರೆ ಅದೂ ಆಫ್ ಆಗೋ ಹಾಗೆ. ಅಂಗಡಿಯವರು ಅದನ್ನು ಹಳದಿ ವೈರ್‌ಗೆ ತಿರುಚಿ ಟೇಪ್ ಸುತ್ತಿದ್ದರು. ಹಳದಿಯಲ್ಲಿ 24 ಗಂಟೆಯೂ ಕರೆಂಟ್. ಬ್ಯಾಟರಿ ನೆಗೆಟಿವ್ ಬಿಚ್ಚಿ ಮಧ್ಯೆ ಮೀಟರ್ ಕೊಟ್ಟರೆ 0.9 ಆಂಪಿಯರ್. ನಿಂತ ಗಾಡಿಯಲ್ಲಿ 0.05 ದಾಟಬಾರದಂತೆ. ದಿನಕ್ಕೆ ಸುಮಾರು 22 ಆಂಪಿಯರ್ ಅವರ್ ಸೋರಿದರೆ, ಒಟ್ಟು 35 ಆಂಪಿಯರ್ ಅವರ್ ಹಿಡಿಯೋ ಬ್ಯಾಟರಿ ಎರಡು ದಿನ ತಡೆಯುತ್ತಾ?

ಕುಂಯ್ ಸದ್ದಿಗೆ ಕಾರಣ ಇನ್ನೂ ಚಿಲ್ಲರೆ. ಆಂಪ್ಲಿಫೈಯರ್‌ನ ಅರ್ಥ್ ವೈರನ್ನು ಗಾಡಿಯ ಲೋಹಕ್ಕೆ ಸೇರಿಸೋ ಸ್ಕ್ರೂ ಪೇಂಟ್ ಮೇಲೇ ಕೂತಿತ್ತು. ಪೇಂಟ್ ಕೆರೆದು ಬಿಗಿ ಮಾಡಿದರು, ಸದ್ದು ಮಾಯ. ಸಿಟ್ಟು ಬಂದಿದ್ದು ಅದಕ್ಕಲ್ಲ. ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಬಂದ ದಪ್ಪ ವೈರ್‌ಗೆ ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ! ಎಲ್ಲಾದರೂ ಉಜ್ಜಿ ಗಾಡಿಯ ಲೋಹಕ್ಕೆ ತಾಗಿದ್ದರೆ ಬೆಂಕಿ. ಹಿಂದೆ ಮಕ್ಕಳು ಕೂರುತ್ತಾರೆ ರೀ.

ಅಂಗಡಿಗೆ ಫೋಟೋ ಕಳಿಸಿದೆ. ಬಂದ ಉತ್ತರ: "ಹೊರಗಡೆಯವರು ಕೈ ಹಾಕಿದ್ದಾರೆ ಸಾರ್, ವಾರಂಟಿ ಹೋಯ್ತು." ಆಮೇಲೆ ಬರೀ ನೀಲಿ ಟಿಕ್.

ಹಾಕಿಸೋರು ಪಕ್ಕದಲ್ಲೇ ನಿಂತುಕೊಳ್ಳಿ, ಟೀ ಕೊಡ್ತೀವಿ ಬನ್ನಿ ಅಂದರೂ ಹೋಗಬೇಡಿ. ನಾನು ಹೋಗಿದ್ದೆ. ಫ್ಯೂಸ್ ಎಲ್ಲಿ ಅಂತ ಕೇಳಿ, ಕಣ್ಣಲ್ಲಿ ನೋಡಿ. ಕೀ ತೆಗೆದ ಮೇಲೆ ಆಂಪ್ಲಿಫೈಯರ್ ಲೈಟ್ ಆರಿತಾ ಅಂತ ಬಗ್ಗಿ ನೋಡಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ, ನನ್ನ ಹತ್ತಿರ ಇರೋದು ಬರೀ ವಿಸಿಟಿಂಗ್ ಕಾರ್ಡ್.

ಎಲೆಕ್ಟ್ರಿಷಿಯನ್ ತಗೊಂಡಿದ್ದು ಫ್ಯೂಸ್ ಸೇರಿ 450. ನನ್ನ ಹಳೇ ಬ್ಯಾಟರಿಗೆ ಏನೂ ಆಗಿರಲಿಲ್ಲ ಅನ್ಸುತ್ತೆ. ಈಗ ಯಾರ ಗಾಡಿಯಲ್ಲಿ ಓಡ್ತಿದೆಯೋ.