ರಝಾ ಅವರ ಬಿಂದು: ಸಹಿ ಇರುವ ಸೆರಿಗ್ರಾಫ್, ಜೀಕ್ಲೆ, ಪೋಸ್ಟರ್

ಚಿತ್ರಕಾರ ಎಸ್.ಎಚ್. ರಝಾ ಅವರ ‘ಜೆಸ್ಟೇಶನ್’ ಅನ್ನುವ ಚಿತ್ರ 2023ರ ಹರಾಜಿನಲ್ಲಿ 51 ಕೋಟಿ ರೂಪಾಯಿ ದಾಟಿತು. ನಮ್ಮಂಥವರಿಗೆ ಉಳಿಯುವುದು ಪ್ರಿಂಟ್ ಮಾತ್ರ. ಹಾಗಂತ ಅವರ ಬಿಂದುವಿನ, ಅಂದರೆ ದೊಡ್ಡ ಕಪ್ಪು ವೃತ್ತದ ಚಿತ್ರದ, ಮೂರು ಪ್ರಿಂಟ್‌ಗಳನ್ನು ಮೂರು ವಾರ ಹಾಲ್‌ನ ಒಂದೇ ಗೋಡೆಗೆ ಹಾಕಿ ನೋಡಿದೆ.

ಪೋಸ್ಟರ್ ಕಥೆ ಮೊದಲು ಮುಗಿಸಿಬಿಡುತ್ತೇನೆ. ಆಫ್‌ಸೆಟ್ ಮುದ್ರಣ. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿ, ಹಳೇ ವಾರಪತ್ರಿಕೆಯ ಮುಖಪುಟದ ಹಾಗೆ. ಮಕ್ಕಳ ಚೆಂಡು ಬಡಿದರೂ ಎದೆ ಧಸಕ್ ಅನ್ನುವುದಿಲ್ಲ, ಅಷ್ಟೇ ಅದರ ಸುಖ.

ನಿಜವಾದ ಜಿದ್ದು ಇರುವುದು ಉಳಿದೆರಡರ ನಡುವೆ. ಜೀಕ್ಲೆ ಅಂದರೆ ಒಳ್ಳೆ ಇಂಕ್‌ಜೆಟ್ ಪ್ರಿಂಟ್. ನನ್ನದು ಕ್ಯಾನ್ವಾಸ್ ಮೇಲಿನದು. ಸೆರಿಗ್ರಾಫ್ ಅಂದರೆ ನಮ್ಮ ಮದುವೆ ಕಾರ್ಡ್‌ನವರು ಮಾಡುವ ಸ್ಕ್ರೀನ್ ಪ್ರಿಂಟಿಂಗೇ. ಆದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಒಂದರ ಮೇಲೊಂದು ಪದರ. ಆರಡಿ ದೂರದಿಂದ ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ, ಸುಳ್ಳು ಯಾಕೆ ಹೇಳಲಿ? ಹತ್ತಿರ ಹೋದಾಗ ಗೊತ್ತಾಯಿತು. ಜೀಕ್ಲೆಯ ಕಪ್ಪು ಬಿಂದುವಿನೊಳಗೆ ನಮ್ಮ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಸೆರಿಗ್ರಾಫಿನ ಕಪ್ಪು ಬೆಳಕನ್ನು ನುಂಗಿ ಸುಮ್ನೆ ಕೂತಿತ್ತು. ಕೆಂಪಿನ ಮೇಲೆ ಕಪ್ಪು ಬಂದ ಕಡೆ ಅಂಚು ಕೂದಲೆಳೆಯಷ್ಟು ಎದ್ದಿದೆ. ಚಪ್ಪಟೆ ಬಣ್ಣದ ಬಿಂದು, ತ್ರಿಕೋನಗಳಿಗೆ ಈ ವಿಧಾನ ಹೇಳಿ ಮಾಡಿಸಿದ ಹಾಗಿದೆ.

ಇನ್ನು ಸಹಿ. ಸೆರಿಗ್ರಾಫಿನಲ್ಲಿ ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಎಡಕ್ಕೆ 64/100 (ನೂರು ಪ್ರತಿಗಳಲ್ಲಿ 64ನೆಯದು), ಬಲಕ್ಕೆ ಪೆನ್ಸಿಲ್ ಸಹಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಸೀಸ ಮಿನುಗುತ್ತದೆ, ಕಾಗದ ಸ್ವಲ್ಪ ಒಳಗೆ ಒತ್ತಿದ್ದೂ ಕಾಣುತ್ತದೆ. ಜೀಕ್ಲೆಯಲ್ಲೂ ಸಹಿ ಇದೆ, ಆದರೆ ಅದೂ ಪ್ರಿಂಟೇ. ನಂಬರ್ ಚಿಕ್ಕದಿದ್ದರೆ ಬೆಲೆ ಜಾಸ್ತಿ ಹೇಳುವವರಿದ್ದಾರೆ. ಸೆರಿಗ್ರಾಫಿನಲ್ಲಿ 3ಕ್ಕೂ 97ಕ್ಕೂ ಅಚ್ಚಿನ ಗುಣದಲ್ಲಿ ಹೇಳಿಕೊಳ್ಳುವಂಥ ಫರಕಿಲ್ಲ. ನೋಡಬೇಕಾದ್ದು ಅಚ್ಚಾದ ವರ್ಷ. ರಝಾ 2016ರ ಜುಲೈನಲ್ಲಿ ತೀರಿಕೊಂಡರು. ಅದರ ನಂತರ ಅಚ್ಚಾದ ಪ್ರತಿಯಲ್ಲಿ ಪೆನ್ಸಿಲ್ ಸಹಿ ಇದ್ದರೆ, ಪೆನ್ಸಿಲ್ ಹಿಡಿದವರು ಯಾರು ಅಂತ ಕೇಳಬೇಕಲ್ವಾ?

ಯಾರೂ ಮೊದಲೇ ಹೇಳದ ಖರ್ಚು ಒಂದಿದೆ: ಕಟ್ಟು ಹಾಕಿಸುವುದು. ಜೀಕ್ಲೆ ಮರದ ಚೌಕಟ್ಟಿಗೆ ಬಿಗಿದೇ ಬಂತು, ಮೊಳೆ ಹೊಡೆದೆ, ಮುಗೀತು. ಸೆರಿಗ್ರಾಫನ್ನು ಮನೆ ಹತ್ತಿರದ ಅಂಗಡಿಗೆ ಕೊಟ್ಟೆ. ಅವರು ನಂಬರೂ ಸಹಿಯೂ ಮುಚ್ಚುವ ಹಾಗೆ ಮೌಂಟ್ (ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು) ಕೂರಿಸಿ, ಹಿಂದೆ ಗಮ್ ಟೇಪ್ ಅಂಟಿಸಿ ಕೊಟ್ಟರು! ದುಡ್ಡು ಕೊಟ್ಟದ್ದೇ ಆ ಅಂಚಿಗೆ. ಟೇಪ್ ಬಿಡಿಸುವಾಗ ಹಿಂಬದಿಯ ಒಂದು ಮೂಲೆಯಲ್ಲಿ ಕಾಗದದ ಸಿಪ್ಪೆ ಎದ್ದಿತು. ಆಸಿಡ್ ಇಲ್ಲದ ಮೌಂಟ್, ಯುವಿ ತಡೆಯುವ ಗಾಜು ಹಾಕಿಸಿ ಮತ್ತೆ ಕಟ್ಟಿಸಿದಾಗ ಇನ್ನೊಂದು ಜೀಕ್ಲೆಯ ದುಡ್ಡೇ ಹೋಯಿತು.

ಆದರೂ ಇನ್ನೊಮ್ಮೆ ಕೊಳ್ಳುವುದಾದರೆ ಸೆರಿಗ್ರಾಫೇ, ಆ ಕಪ್ಪಿಗಾಗಿ. ನಮ್ಮ ಹಾಲ್‌ಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಹಾಗಾಗಿ ಅದು ಮಲಗುವ ಕೋಣೆಗೆ ಹೋಗಿದೆ. ಬಂದವರೆಲ್ಲ ನೋಡಿ ಹೊಗಳುವುದು ಹಾಲ್‌ನ ಜೀಕ್ಲೆಯನ್ನು.