ಕಲೆಯಿಲ್ಲದ ಎರಡು ಕಾಗದ: ಅಕ್ಷರಧಾಮ ದಾಳಿಯ ತನಿಖೆಯೆಂಬ ಸೇವೆಯ ವಿಮರ್ಶೆ

ಗುಜರಾತಿನ ಗಾಂಧಿನಗರದ ಅಕ್ಷರಧಾಮ ದೇವಸ್ಥಾನದೊಳಗೆ ಕಾಲಿಡುವ ಮೊದಲು ಮೊಬೈಲ್, ಕ್ಯಾಮೆರಾ, ಚೀಲ ಎಲ್ಲವನ್ನೂ ಹೊರಗೆ ಒಪ್ಪಿಸಿ ಮೈತಪಾಸಣೆಗೆ ನಿಲ್ಲಬೇಕು. ಬರಿಗೈಯಲ್ಲಿ ಒಳಗೆ ನಡೆದು, ಗುಲಾಬಿ ಕಲ್ಲಿನ ಕಂಬಗಳನ್ನು ನೋಡುತ್ತ, ಗದ್ದಲವಿಲ್ಲದೆ ದರ್ಶನ ಮುಗಿಸಿ ಹೊರಬಂದೆ. ಯಾತ್ರಿಕನಾಗಿ ನನಗೆ ಸಿಕ್ಕ ಈ ಸೇವೆಯ ಬಗ್ಗೆ ದೂರಲು ಏನೂ ಇಲ್ಲ. ಆದರೆ ಆ ಪ್ರಾಂಗಣದಲ್ಲಿ ಸತ್ತವರಿಗೆ ಸರ್ಕಾರವು ಸಲ್ಲಿಸಬೇಕಾಗಿದ್ದ ಇನ್ನೊಂದು ಸೇವೆ ಇತ್ತು. ಅದು ಪೊಲೀಸ್ ತನಿಖೆ. ನಮ್ಮ ತೆರಿಗೆಯ ಹಣದಿಂದ ನಡೆಯುವ ಈ ಸೇವೆ ಎಷ್ಟು ನೇರವಾಗಿ, ಎಷ್ಟು ಪೂರ್ತಿಯಾಗಿ ಸಂದಿತು ಎಂಬುದನ್ನು ಸುಪ್ರೀಂ ಕೋರ್ಟಿನ ತೀರ್ಪನ್ನು ಎದುರಿಗಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

2002ರ ಸೆಪ್ಟೆಂಬರ್ 24ರ ಸಂಜೆ ಇಬ್ಬರು ಬಂದೂಕುಧಾರಿಗಳು ಒಳನುಗ್ಗಿ ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಮಕ್ಕಳು, ಹೆಂಗಸರು, ಪೊಲೀಸರು ಸೇರಿ 30ಕ್ಕೂ ಹೆಚ್ಚು ಜನ ಸತ್ತರು. ರಾತ್ರಿ ದೆಹಲಿಯಿಂದ ಬಂದ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳು ಬೆಳಗಾಗುವ ಹೊತ್ತಿಗೆ ಇಬ್ಬರನ್ನೂ ಹೊಡೆದುರುಳಿಸಿದರು. ಆ ಕಾರ್ಯಾಚರಣೆಯಲ್ಲಿ ತಲೆಗೆ ಗುಂಡು ತಗುಲಿದ ಸುರ್ಜನ್ ಸಿಂಗ್ ಭಂಡಾರಿ ಎಂಬ ಕಮಾಂಡೊ ಪ್ರಜ್ಞೆ ಮರಳದೆಯೇ 2004ರ ಮೇ ತಿಂಗಳಿನಲ್ಲಿ ತೀರಿಕೊಂಡರು. ರಕ್ಷಣೆಯ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ನನ್ನ ತಕರಾರು ಅದರ ಮರುದಿನದಿಂದ ಶುರುವಾಗುತ್ತದೆ.

ಗಡಿಯಾಚೆಯಿಂದ ಬಂದವರೆಂದು ಹೇಳಲಾದ ಆ ಇಬ್ಬರೂ ಸತ್ತಿದ್ದರಿಂದ ತನಿಖೆಯ ಕೆಲಸ ಕಠಿಣವಾಗಿತ್ತು ಎಂಬುದನ್ನು ಒಪ್ಪಬೇಕು. ಅವರನ್ನು ಊರೊಳಗೆ ಕರೆತಂದವರು ಯಾರು, ಆಯುಧ ಯಾವ ದಾರಿಯಲ್ಲಿ ಬಂತು, ತಂಗಲು ಯಾರು ಜಾಗ ಕೊಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಬಾಯಿಗಳೇ ಇರಲಿಲ್ಲ. ಮೊದಲು ಸ್ಥಳೀಯ ಪೊಲೀಸರು, ಬಳಿಕ ಭಯೋತ್ಪಾದನಾ ನಿಗ್ರಹ ದಳದವರು ತನಿಖೆ ನಡೆಸಿದರು. ಹನ್ನೊಂದು ತಿಂಗಳು ಕಳೆದರೂ ಸುಳಿವು ಸಿಗಲಿಲ್ಲ. 2003ರ ಆಗಸ್ಟ್ 28ರಂದು ಪ್ರಕರಣ ಅಹಮದಾಬಾದಿನ ಕ್ರೈಂ ಬ್ರಾಂಚ್‌ಗೆ ಹೋಯಿತು. ಮರುದಿನವೇ ಐವರ ಬಂಧನವಾಯಿತು. ಆಗಲೇ ಕಾಶ್ಮೀರ ಪೊಲೀಸರ ವಶದಲ್ಲಿದ್ದ ಆರನೆಯವನನ್ನು ಬಳಿಕ ಕರೆತರಲಾಯಿತು. ತಿಂಗಳುಗಟ್ಟಲೆ ಬಿಚ್ಚದ ಗಂಟು ಒಂದೇ ದಿನದಲ್ಲಿ ಹೇಗೆ ಬಿಚ್ಚಿತು ಎಂದು ಯಾವ ಮೇಲಧಿಕಾರಿಯಾದರೂ ಆಗಲೇ ಕುಳಿತು ಕೇಳಿದ್ದರೆ ಮುಂದಿನ ಹನ್ನೊಂದು ವರ್ಷ ಉಳಿಯುತ್ತಿತ್ತು.

ಪ್ರಕರಣ ಎರಡು ಕಂಬಗಳ ಮೇಲೆ ನಿಂತಿತ್ತು. ಒಂದು, ಆರೋಪಿಗಳ ತಪ್ಪೊಪ್ಪಿಗೆ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ್ದು ಸಾಮಾನ್ಯ ಕಾನೂನಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಆಗ ಜಾರಿಯಲ್ಲಿದ್ದ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಲ್ಲಿ ಆಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಕಾಯ್ದೆಯೂ ನ್ಯಾಯಾಲಯಗಳ ತೀರ್ಪುಗಳೂ ಕಾವಲನ್ನು ಇಟ್ಟಿದ್ದವು: ಹೇಳಿಕೆ ಕೊಡುವವನಿಗೆ ಯೋಚಿಸಲು ಸಮಯ ಕೊಡಬೇಕು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಹಿಂಸೆಯ ದೂರಿದ್ದರೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಇಲ್ಲಿ ಯೋಚಿಸಲು ಸಿಕ್ಕಿದ್ದು ಕೆಲವೇ ನಿಮಿಷ. ಕಾವಲಿನ ಉಳಿದ ನಿಯಮಗಳೂ ಬರಿಯ ಶಾಸ್ತ್ರಕ್ಕೆ ನಡೆದವು ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿ ಹೇಳಿತು. ಆರೋಪಿಗಳು ಹೇಳಿಕೆಯನ್ನು ಹಿಂತೆಗೆದುಕೊಂಡಿದ್ದರು. ಮೊಕದ್ದಮೆ ಹೂಡಲು ರಾಜ್ಯದ ಗೃಹ ಇಲಾಖೆ ಕೊಟ್ಟ ಮಂಜೂರಾತಿಯೂ ಕಡತ ಓದಿ, ವಿವೇಚಿಸಿ ಕೊಟ್ಟದ್ದಾಗಿರಲಿಲ್ಲ.

ಎರಡನೆಯ ಕಂಬ ಉರ್ದುವಿನಲ್ಲಿ ಬರೆದ ಎರಡು ಪತ್ರಗಳು. ಸತ್ತ ದಾಳಿಕೋರರ ಪ್ಯಾಂಟಿನ ಜೇಬಿನಿಂದ ಅವು ಸಿಕ್ಕವೆಂದೂ ಆರೋಪಿಗಳಲ್ಲೊಬ್ಬನೇ ಅವನ್ನು ಬರೆದನೆಂದೂ ಪ್ರಾಸಿಕ್ಯೂಷನ್ ಹೇಳಿತು. ಮರಣೋತ್ತರ ಪರೀಕ್ಷೆಯ ವರದಿಯ ಪ್ರಕಾರ ಆ ದೇಹಗಳ ತುಂಬ ಗುಂಡಿನ ಗಾಯಗಳಿದ್ದವು. ಬಟ್ಟೆ ತೂತಾಗಿ, ರಕ್ತ ಮತ್ತು ಮಣ್ಣಿನಲ್ಲಿ ತೊಯ್ದಿತ್ತು. ಆದರೆ ಅದೇ ಬಟ್ಟೆಯ ಜೇಬಿನಲ್ಲಿ ರಾತ್ರಿಯಿಡೀ ಇದ್ದ ಕಾಗದಗಳಲ್ಲಿ ಒಂದು ತೂತಿಲ್ಲ, ರಕ್ತದ ಒಂದು ಹನಿಯಿಲ್ಲ, ಮಣ್ಣಿನ ಕಲೆಯಿಲ್ಲ, ಸುಕ್ಕೂ ಇಲ್ಲ. ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ವಿ. ಗೋಪಾಲ ಗೌಡ ಅವರು ಮೂಲ ಪತ್ರಗಳನ್ನೇ ತರಿಸಿ ಕಣ್ಣಾರೆ ನೋಡಿದರು. ಕೆಳಗಿನ ಹಂತದಲ್ಲಿ ಈ ವಿಚಿತ್ರಕ್ಕೆ ಕೊಟ್ಟಿದ್ದ ಸಮಜಾಯಿಷಿ, ಸತ್ಯವು ಕಲ್ಪನೆಗಿಂತ ವಿಚಿತ್ರವಾಗಿರುತ್ತದೆ ಎಂಬುದು. ಮೂವರ ಮರಣದಂಡನೆ ತೂಗುತ್ತಿದ್ದ ಮೊಕದ್ದಮೆಯಲ್ಲಿ ಅಂಥ ಮಾತನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಈ ತೀರ್ಪನ್ನು ಬರೆದ ಗೋಪಾಲ ಗೌಡರು ನಮ್ಮ ಕರ್ನಾಟಕದವರು, ಚಿಂತಾಮಣಿ ಕಡೆಯವರು ಎಂಬುದನ್ನು ಅಭಿಮಾನದಿಂದಲೇ ನೆನೆಯುತ್ತೇನೆ.

ಮಹಜರು ಎಂದರೆ ಏನೆಂದು ನನಗೆ ಸ್ವಲ್ಪ ಗೊತ್ತು. ಬಹಳ ಹಿಂದೆ ಒಂದು ಕಳವಿನ ಪ್ರಕರಣದಲ್ಲಿ ನನ್ನನ್ನು ಪಂಚನಾಗಿ, ಅಂದರೆ ಮಹಜರಿಗೆ ಸಾಕ್ಷಿಯಾಗಿ, ಕರೆದಿದ್ದರು. ಅಂಗಡಿಯ ಕಟ್ಟೆಯ ಮೇಲೆ ಬಿಳಿ ಹಾಳೆ ಇಟ್ಟು, ಕೆಳಗಡೆ ಸಹಿ ಹಾಕಿ, ಮೇಲಿನದನ್ನು ಠಾಣೆಯಲ್ಲಿ ಬರೆದುಕೊಳ್ಳುತ್ತೇವೆ ಎಂದರು. ನಾನು ಹಾಕಿದೆ. ಅದರಿಂದ ಯಾರಿಗೂ ಕೇಡಾಗದಿರಬಹುದು, ಆದರೆ ಆ ಹಾಳೆಯ ಬಿಳುಪು ಈ ತೀರ್ಪನ್ನು ಓದುವಾಗ ಮತ್ತೆ ಕಣ್ಣೆದುರು ಬಂತು. ಸ್ಥಳದಲ್ಲಿ ಏನು ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಮೊಹರಾಯಿತು ಎಂಬುದನ್ನು ಅಲ್ಲಿಯೇ, ಆಗಲೇ, ಇದ್ದದ್ದು ಇದ್ದಂತೆ ಬರೆಯುವುದು ತನಿಖೆಯ ಅರ್ಧಕ್ಕಿಂತ ಹೆಚ್ಚಿನ ಕೆಲಸ.

ವಿಶೇಷ ಪೋಟಾ ನ್ಯಾಯಾಲಯ 2006ರ ಜುಲೈನಲ್ಲಿ ಮೂವರಿಗೆ ಮರಣದಂಡನೆ, ಒಬ್ಬನಿಗೆ ಜೀವಾವಧಿ, ಉಳಿದಿಬ್ಬರಿಗೆ 10 ಮತ್ತು 5 ವರ್ಷಗಳ ಸೆರೆವಾಸ ವಿಧಿಸಿತ್ತು. 2010ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರು ಮಂದಿಯನ್ನೂ ಖುಲಾಸೆ ಮಾಡಿತು. ಅಂದು ಲೋಕಸಭಾ ಚುನಾವಣೆಯ ಫಲಿತಾಂಶದ ದಿನವಾದ್ದರಿಂದ ಸುದ್ದಿ ಒಳಪುಟಗಳಿಗೆ ಸರಿಯಿತು. ದೇಶದ ಭದ್ರತೆಗೆ ಸಂಬಂಧಿಸಿದ ಇಷ್ಟು ಘೋರ ಪ್ರಕರಣದಲ್ಲಿ ತನಿಖಾ ಸಂಸ್ಥೆಗಳು ತೋರಿದ ಅಸಮರ್ಥತೆಗೆ ನ್ಯಾಯಾಲಯ ತೀವ್ರ ಸಂಕಟ ವ್ಯಕ್ತಪಡಿಸಿತು. ಕಾನೂನಿನ ಸಂದಿಯಲ್ಲಿ ನುಸುಳಿ ಪಾರಾದರು ಎಂದು ಇಂಥ ಖುಲಾಸೆಗಳ ಬಗ್ಗೆ ಸುಲಭವಾಗಿ ಹೇಳುವವರಿದ್ದಾರೆ. ತೀರ್ಪನ್ನು ಓದಿದವರು ಹಾಗೆ ಹೇಳಲಾರರು. ಗಲ್ಲಿನ ನೆರಳಿನಲ್ಲಿದ್ದ ಮೂವರು ಹನ್ನೊಂದು ವರ್ಷದ ಹತ್ತಿರ ಸೆರೆಯಲ್ಲಿದ್ದರು. ಪರಿಹಾರ ಕೇಳಿ ಅವರು ಸಲ್ಲಿಸಿದ ಅರ್ಜಿಯನ್ನು 2016ರಲ್ಲಿ ಅದೇ ನ್ಯಾಯಾಲಯ ಪುರಸ್ಕರಿಸಲಿಲ್ಲ. ಅದು ನನ್ನ ಮನಸ್ಸಿಗೆ ಒಪ್ಪಿಗೆಯಾಗಿಲ್ಲ. ಮಡಿದವರ ಮನೆಗಳವರಿಗೆ ಆದ ನಷ್ಟವನ್ನಂತೂ ಅಳೆಯುವಂತಿಲ್ಲ: ತಪ್ಪು ಮನುಷ್ಯರ ಬೆನ್ನು ಹತ್ತಿದ ಪ್ರತಿ ವರ್ಷವೂ ನಿಜವಾದ ಸಂಚುಗಾರರಿಗೆ ಸಿಕ್ಕ ಬಿಡುವು.

ಇದೇ ಸೇವೆ ಚೆನ್ನಾಗಿ ನಡೆದದ್ದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಕೊಲಾಬಾದ ನಾರಿಮನ್ ಹೌಸ್ ಎಂಬ ಯಹೂದಿ ಧರ್ಮಕೇಂದ್ರವೂ ಗುರಿಯಾಗಿತ್ತು. ಅಲ್ಲಿಯ ಧರ್ಮಗುರು (ರಬ್ಬಿ) ಮತ್ತು ಅವರ ಪತ್ನಿ ಹತರಾದರು. ಎರಡು ವರ್ಷದ ಮಗುವನ್ನು ಅದರ ದಾದಿ ಎತ್ತಿಕೊಂಡು ಹೊರಗೋಡಿ ಉಳಿಸಿದಳು. ಗುಂಡಿಗೆ ಎದೆಯೊಡ್ಡಿದ ಪೊಲೀಸ್ ತುಕಾರಾಂ ಓಂಬ್ಳೆ ಅವರ ದೆಸೆಯಿಂದ ಒಬ್ಬ ದಾಳಿಕೋರ ಜೀವಂತ ಸಿಕ್ಕ. ಮುಂಬೈ ಕ್ರೈಂ ಬ್ರಾಂಚ್ ಅವನ ಮಾತಿಗಷ್ಟೇ ಜೋತು ಬೀಳಲಿಲ್ಲ. ಜಿಪಿಎಸ್ ಯಂತ್ರ, ಉಪಗ್ರಹ ಫೋನ್, ದೋಣಿಯ ಯಮಹಾ ಎಂಜಿನ್, ಗಡಿಯಾಚೆಯ ಯಜಮಾನರೊಡನೆ ನಡೆದ ಮಾತಿನ ಧ್ವನಿಮುದ್ರಣ, ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಕರಾಚಿಯವರೆಗಿನ ದಾರಿಯನ್ನು ನ್ಯಾಯಾಲಯಕ್ಕೆ ತೋರಿಸಿತು. 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆದರೂ ಆ ಒಳ್ಳೆಯ ತನಿಖೆಯಲ್ಲಿಯೂ ಅದೇ ಹಳೆಯ ಚಾಳಿ ಇಣುಕಿತ್ತು. ನೆರವು ನೀಡಿದರೆಂಬ ಆರೋಪ ಹೊತ್ತ ಇಬ್ಬರು ಭಾರತೀಯರ ವಿರುದ್ಧ ಮುಖ್ಯ ಸಾಕ್ಷ್ಯವಾಗಿ ಮುಂದಿಟ್ಟದ್ದು, ಸತ್ತ ದಾಳಿಕೋರನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತೆಂಬ ಕೈಬರಹದ ನಕ್ಷೆ. ಪ್ಯಾಂಟಿಗೆ ರಕ್ತ ಮೆತ್ತಿತ್ತು, ನಕ್ಷೆ ಸ್ವಚ್ಛವಾಗಿತ್ತು. ವಿಚಾರಣಾ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಅದನ್ನು ನಂಬಲಿಲ್ಲ. ಇಬ್ಬರೂ ಬಿಡುಗಡೆಯಾದರು, ಮೇಲಿನ ನ್ಯಾಯಾಲಯಗಳೂ ಅದನ್ನೇ ಸರಿಯೆಂದವು. ಎರಡು ಊರು, ಎರಡು ಪೊಲೀಸ್ ಪಡೆ, ಒಂದೇ ಬಗೆಯ ಕಾಗದ. ಈ ಹೋಲಿಕೆಯನ್ನು ಕಂಡ ಮೇಲೆ ಇದನ್ನು ಒಬ್ಬ ಅಧಿಕಾರಿಯ ಎಡವಟ್ಟು ಎಂದು ಬದಿಗಿಡಲು ನನಗೆ ಸಾಧ್ಯವಾಗಿಲ್ಲ.

ಐದು ಅಂಕಗಳಲ್ಲಿ ಅಕ್ಷರಧಾಮದ ತನಿಖೆಗೆ ನಾನು ಒಂದನ್ನೂ ಕೊಡಲಾರೆ. ಮುಂಬೈಯದಕ್ಕೆ ನಾಲ್ಕು ಕೊಡುತ್ತೇನೆ, ಆ ನಕ್ಷೆಗಾಗಿ ಒಂದನ್ನು ಹಿಡಿದಿಟ್ಟಿದ್ದೇನೆ. ಗಾಂಧಿನಗರದ ಕಡತ 2014ರ ಖುಲಾಸೆಯೊಂದಿಗೆ ಮುಚ್ಚಲಿಲ್ಲ. ತಲೆಮರೆಸಿಕೊಂಡವನೆಂದು ಹೇಳಲಾದ ಒಬ್ಬನನ್ನು 2017ರಲ್ಲಿ ಅಹಮದಾಬಾದ್ ವಿಮಾನ ನಿಲ್ದಾಣದಲ್ಲಿ, ಮತ್ತೊಬ್ಬನನ್ನು 2019ರಲ್ಲಿ ಕಾಶ್ಮೀರದ ಅನಂತನಾಗ್‌ನಲ್ಲಿ ಬಂಧಿಸಲಾಯಿತು. ಅವರ ಮೇಲಿನ ತೀರ್ಪು ಓದಲು ಸಿಕ್ಕ ದಿನ ನಾನು ಮೊದಲು ತೆರೆಯುವುದು ಮಹಜರಿನ ಭಾಗವನ್ನು.